ಮಂಗಳೂರಿಗೆ ಹೋದವರು ಕಡಲನ್ನಷ್ಟೇ ನೋಡಿ ಬರಬೇಕೆ?

ಸಂಪಾದಕರಿಗೆ,

ಮಾನ್ಯರೇ,

ಕಳೆದ ಕ್ರಿಸ್‌ಮಸ್ ರಜೆಯಲ್ಲಿ ನಾನು, ನಮ್ಮ ಯಜಮಾನರು ಹಾಗೂ ಏಳನೆಯ ತರಗತಿಯಲ್ಲಿ ಓದುವ ಮೊಮ್ಮಗಳು ಧಾರವಾಡದಿಂದ ಮಂಗಳೂರಿಗೆ ಹೋಗಿ ಮೂರು ದಿನ ಇದ್ದು ಬಂದೆವು. ಕರಾವಳಿಯ ಪ್ರವಾಸೋದ್ಯಮದ ಬಗ್ಗೆ ಮಾತು ಬಂದಾಗಲೆಲ್ಲ ಕಡಲತೀರ, ಜಲಕ್ರೀಡೆ, ರೆಸಾರ್ಟುಗಳ ಸುತ್ತಲೇ ಚರ್ಚೆ ಸುತ್ತುವುದನ್ನು ಓದುತ್ತ ಬಂದಿರುವ ನನಗೆ, ಆ ಮೂರು ದಿನಗಳ ಅನುಭವವನ್ನು ತಮ್ಮ ಓದುಗರ ಮುಂದಿಡಬೇಕೆನ್ನಿಸಿತು. ಪತ್ರ ಕೊಂಚ ದೀರ್ಘವಾಗಿದೆ. ಮೂವತ್ತು ವರ್ಷ ಕನ್ನಡ ಪಾಠ ಹೇಳಿದವಳ ಅಭ್ಯಾಸದೋಷವೆಂದು ಮನ್ನಿಸಬೇಕು.

ಬಸ್ ನಿಲ್ದಾಣದಲ್ಲಿ ಇಳಿದೊಡನೆ ಆಟೋದವರು ಬಹಳ ಸೌಜನ್ಯದಿಂದಲೇ ಕೇಳಿದರು: "ಎಲ್ಲಿಗೆ ಹೋಗ್ಬೇಕಾದ್ದು ಅಮ್ಮ? ಬೀಚಿಗಾ?" ನಾವು ಬಲ್ಮಠ ಎಂದೆವು. ಅಲ್ಲಿ ಏನು ನೋಡುವುದಿದೆ ಎಂಬ ಅವರ ಅಚ್ಚರಿ ನಿಜವಾದದ್ದಾಗಿತ್ತು. ವಸತಿಗೃಹದಲ್ಲಿ ಕೊಟ್ಟ ನೋಡತಕ್ಕ ಸ್ಥಳಗಳ ಪಟ್ಟಿಯಲ್ಲಿ ಮೂರು ಕಡಲತೀರಗಳಿದ್ದವು, ಎರಡು ಮಾಲುಗಳಿದ್ದವು, ಕೆಲವು ದೇವಾಲಯಗಳೂ ಇದ್ದವು. ನಾನು ಯಾವುದಕ್ಕಾಗಿ ಒಂದು ರಾತ್ರಿಯಿಡೀ ಬಸ್ಸಿನಲ್ಲಿ ಕುಳಿತು ಘಟ್ಟ ಇಳಿದು ಬಂದಿದ್ದೆನೋ ಅದು ಮಾತ್ರ ಆ ಪಟ್ಟಿಯಲ್ಲಿರಲಿಲ್ಲ.

ನಾನು ಬಂದದ್ದು ಕನ್ನಡದ ಮೊದಲ ಪತ್ರಿಕೆ ಅಚ್ಚಾದ ಊರನ್ನು ನೋಡಲು. 1843ರ ಜುಲೈ 1ರಂದು ಹರ್ಮನ್ ಮೋಗ್ಲಿಂಗ್ ಅವರು ಹೊರತಂದ 'ಮಂಗಳೂರ ಸಮಾಚಾರ'ವನ್ನು ನೆನೆದೇ ಇಂದಿಗೂ ಪ್ರತಿವರ್ಷ ಅದೇ ದಿನ ರಾಜ್ಯದಲ್ಲಿ ಪತ್ರಿಕಾ ದಿನ ಆಚರಿಸುತ್ತೇವೆ. ಹದಿನೈದು ದಿನಕ್ಕೊಮ್ಮೆ ಬರುತ್ತಿದ್ದ ಆ ಪತ್ರಿಕೆಯ ಬೆಲೆ ಒಂದು ದುಡ್ಡು. ಅದು ಕಲ್ಲಚ್ಚಿನಲ್ಲಿ, ಅಂದರೆ ನಯಗೊಳಿಸಿದ ಕಲ್ಲಿನ ಮೇಲೆ ಅಕ್ಷರಗಳನ್ನು ಮೂಡಿಸಿ ಅದರಿಂದ ಕಾಗದಕ್ಕೆ ಒತ್ತುವ ವಿಧಾನದಲ್ಲಿ ಮುದ್ರಣವಾಗುತ್ತಿತ್ತು. ಮರುವರ್ಷವೇ ಅದು ಬಳ್ಳಾರಿಗೆ ಹೋಗಿ 'ಕನ್ನಡ ಸಮಾಚಾರ'ವಾಯಿತು. ಹೀಗೆ ಮಂಗಳೂರಿನಲ್ಲಿ ಅದರ ಆಯುಷ್ಯ ತೀರ ಚಿಕ್ಕದಾದರೂ, ಊರಿನ ವರ್ತಮಾನವನ್ನೂ ಸರಕಾರದ ಆಜ್ಞೆಯನ್ನೂ ಕನ್ನಡದಲ್ಲಿ ಅಚ್ಚು ಹಾಕಿ ಹಂಚಬಹುದೆಂಬ ಧೈರ್ಯ ಮೊದಲು ಹುಟ್ಟಿದ್ದು ಅಲ್ಲಿ. ನಾನು ಈಗ ತಮಗೆ ಬರೆಯುತ್ತಿರುವ ಪತ್ರಕ್ಕೂ ಮೂಲ ಅದೇ ಅಲ್ಲವೇ?

ಮೋಗ್ಲಿಂಗ್ ಅವರು ಬಾಸೆಲ್ ಮಿಷನ್ ಎಂಬ ಸ್ವಿಟ್ಜರ್ಲೆಂಡಿನ ಕ್ರೈಸ್ತ ಸಂಸ್ಥೆಯ ಪಾದ್ರಿ. ಆ ಮಿಷನ್ನಿನ ಮೊದಲ ತಂಡ ಮಂಗಳೂರಿಗೆ ಬಂದಿಳಿದದ್ದು 1834ರಲ್ಲಿ. ಅವರ ಮುದ್ರಣಾಲಯ ಆರಂಭವಾದದ್ದು 1841ರಲ್ಲಿ. ಮತಪ್ರಚಾರಕ್ಕೆಂದು ಬಂದವರು ಅವರು, ಅದರಲ್ಲಿ ಮುಚ್ಚುಮರೆಯೇನೂ ಇಲ್ಲ. ಆದರೆ ಅದೇ ಅಚ್ಚುಕೂಟದಿಂದ ಜೈಮಿನಿ ಭಾರತವೂ ಬಸವಪುರಾಣವೂ ದಾಸರ ಪದಗಳೂ ಹೊರಬಂದವು. ತಾಳೆಗರಿಯಲ್ಲಿ, ಭಜನೆಯವರ ಬಾಯಲ್ಲಿ ಇದ್ದ ಪುರಂದರದಾಸರ ಪದಗಳನ್ನು ಜರ್ಮನಿಯ ಪಾದ್ರಿಯೊಬ್ಬರು ಕೂಡಿಸಿ ಅಚ್ಚು ಹಾಕಿಸಿದರೆಂಬುದು ಯಾವ ಕಥೆಗಾರನಿಗೂ ತಟ್ಟನೆ ಹೊಳೆಯುವ ಸಂಗತಿಯಲ್ಲ. 1886ರಲ್ಲಿ ಮ್ಯಾನರ್ ಅವರ ತುಳು ನಿಘಂಟು ಅಲ್ಲಿಯೇ ಅಚ್ಚಾಯಿತು. 1894ರಲ್ಲಿ ಫರ್ಡಿನಾಂಡ್ ಕಿಟ್ಟೆಲ್ ಅವರ ಕನ್ನಡ ನಿಘಂಟು ಹೊರಬಂತು. ಸುಮಾರು 70,000 ಶಬ್ದಗಳಿರುವ ಆ ಗ್ರಂಥದ ಮರುಮುದ್ರಣದ ಪ್ರತಿಯೊಂದು ನನ್ನ ಮೇಜಿನ ಮೇಲೆ ನಾನು ನೌಕರಿಗೆ ಸೇರಿದ ವರ್ಷದಿಂದ ಇದೆ. ಕಿಟ್ಟೆಲ್ ನಮ್ಮ ಧಾರವಾಡದಲ್ಲಿಯೂ ಇದ್ದು ಕೆಲಸ ಮಾಡಿದವರಾದ್ದರಿಂದ, ಮಂಗಳೂರಿನ ಈ ಕಥೆ ನಮಗೆ ಅರ್ಧ ಮನೆಯ ಕಥೆಯೇ ಆಗಿದೆ.

ಇಷ್ಟೆಲ್ಲ ಓದಿಕೊಂಡು ಹೋದ ನನಗೂ ಆ ಪತ್ರಿಕೆ ಅಚ್ಚಾದ ಜಾಗ ಯಾವುದೆಂದು ಬಲ್ಮಠದ ರಸ್ತೆಯಲ್ಲಿ ನಿಂತು ತಿಳಿಯುವುದು ಸುಲಭವಾಗಲಿಲ್ಲ. ನಾಲ್ವರನ್ನು ಕೇಳಿದೆವು. ಮೂವರು ವಿನಯದಿಂದ ತಲೆಯಾಡಿಸಿದರು. ನಾಲ್ಕನೆಯವರು, ಒಬ್ಬ ಹಿರಿಯರು, ಕೈಯಲ್ಲಿದ್ದ ತರಕಾರಿ ಚೀಲವನ್ನು ಕೆಳಗಿಟ್ಟು ಕಾಲು ಗಂಟೆ ವಿವರಿಸಿದರು. ಮೊಮ್ಮಗಳು ತನ್ನ ಪ್ರವಾಸದ ನೋಟ್‌ಬುಕ್ಕಿನಲ್ಲಿ 'ಮೊದಲ ಕನ್ನಡ ಪತ್ರಿಕೆ' ಎಂದು ತಲೆಬರಹ ಬರೆದು, ಅಂಟಿಸಲು ಏನಾದರೂ ಸಿಕ್ಕೀತೆಂದು ಇಡೀ ಒಂದು ಪುಟ ಖಾಲಿ ಬಿಟ್ಟಿದ್ದಳು. ಅದು ಖಾಲಿಯಾಗಿಯೇ ಉಳಿಯಿತು.

ಅಚ್ಚಿನ ಮಾತು ಬಂದದ್ದರಿಂದ ಇನ್ನೊಂದು ಅಚ್ಚಿನ ವಿಷಯವನ್ನೂ ಹೇಳಿಬಿಡುತ್ತೇನೆ. ನಾನು ಹುಟ್ಟಿದ ಮನೆಗೆ ಮಂಗಳೂರು ಹೆಂಚು ಹೊದಿಸಿತ್ತು. ಅಟ್ಟದ ಮೇಲೆ ಮಲಗಿದಾಗ ಹೆಂಚಿನ ಬೆನ್ನಿಗೆ ಒತ್ತಿದ ಅಕ್ಷರಗಳನ್ನು ಒಂದೊಂದಾಗಿ ಕೂಡಿಸಿ ಓದುತ್ತಿದ್ದೆವು. ಕಾಣದ ಊರೊಂದರ ಹೆಸರನ್ನು ನಾನು ಮೊದಲು ಓದಿದ್ದು ಹಾಗೆ. ಜಾರ್ಜ್ ಪ್ಲೆಬ್ಸ್ಟ್ ಎಂಬುವರ ಮುಂದಾಳ್ತನದಲ್ಲಿ ಬಾಸೆಲ್ ಮಿಷನ್ 1865ರಲ್ಲಿ ಹೆಂಚಿನ ಕಾರ್ಖಾನೆ ತೆರೆಯಿತು. ಹೆಂಚಿಗೆ ಬೇಕಾದ ಜೇಡಿಮಣ್ಣು ನೇತ್ರಾವತಿ, ಗುರುಪುರ ನದಿಗಳ ಬಯಲಿನಲ್ಲಿತ್ತು, ಒಲೆಗೆ ಬೇಕಾದ ಸೌದೆ ಘಟ್ಟದ ಕೆಳಗಿನ ಕಾಡಿನಲ್ಲಿತ್ತು, ಸಾಗಿಸಲು ಎದುರಿಗೇ ಬಂದರಿತ್ತು. ಈ ಮೂರೂ ಒಂದೆಡೆ ಸೇರಿದ್ದರಿಂದಲೇ ಊರಿನ ಹೆಸರು ದೇಶದ ಸೂರುಗಳ ಮೇಲೆಲ್ಲ ಏರಿತು. ಪುಸ್ತಕದ ಅಚ್ಚು, ಹೆಂಚಿನ ಅಚ್ಚು ಎರಡನ್ನೂ ಒಂದೇ ಸೂರಿನಡಿ ತೋರಿಸುವ ಒಂದು ಪುಟ್ಟ ಸಂಗ್ರಹಾಲಯವನ್ನು ನಾನಂತೂ ಟಿಕೆಟ್ ಕೊಂಡು ಎರಡು ಸಲ ನೋಡುತ್ತೇನೆ.

ಎರಡನೆಯ ದಿನ ಕದ್ರಿಗೆ ಹೋದೆವು. ಮಂಜುನಾಥ ದೇವಸ್ಥಾನದಲ್ಲಿರುವ ಲೋಕೇಶ್ವರನ ಕಂಚಿನ ಮೂರ್ತಿಯನ್ನು ಚಿತ್ರಗಳಲ್ಲಿ ನೋಡಿದ್ದೆ. ಎದುರಿಗೆ ನಿಂತಾಗ ಚಿತ್ರಗಳು ಏನನ್ನೂ ಹೇಳಿರಲಿಲ್ಲವೆಂದು ತಿಳಿಯಿತು. ಮೂರು ಮುಖ, ಆರು ಕೈಗಳು, ಆಳೆತ್ತರಕ್ಕೆ ಕೊಂಚ ಕಡಿಮೆ ಎನ್ನಬಹುದಾದ ನಿಲುವು, ಸಾವಿರ ವರ್ಷಗಳ ದೀಪದ ಹೊಗೆಯನ್ನು ಕಂಡರೂ ಮಾಸದ ಮುಖಭಾವ. ಪೀಠದ ಮೇಲಿನ ಸಂಸ್ಕೃತ ಶಾಸನದ ಪ್ರಕಾರ ಅಳುಪ ಅರಸ ಕುಂದವರ್ಮ ಕ್ರಿ.ಶ. 968ರಲ್ಲಿ ಈ ಮೂರ್ತಿಯನ್ನು ಕದರಿಕಾ ವಿಹಾರದಲ್ಲಿ ಸ್ಥಾಪಿಸಿದನು. ಆ 'ವಿಹಾರ' ಎಂಬ ಒಂದು ಶಬ್ದದ ಮೇಲೆಯೇ ವಿದ್ವಾಂಸರು ದಶಕಗಟ್ಟಲೆ ವಾದ ಮಾಡಿದ್ದಾರೆ. ಇದು ಬೌದ್ಧರ ಅವಲೋಕಿತೇಶ್ವರನೇ, ಶಿವನೇ, ಅಥವಾ ಒಂದು ಇನ್ನೊಂದಾಗಿ ಹೊರಳುತ್ತಿದ್ದ ಸಂಧಿಕಾಲದ ಮೂರ್ತಿಯೇ? ಸಮೀಪದಲ್ಲಿಯೇ ನಾಥಪಂಥದ ಜೋಗಿಮಠವಿದೆ. ಹನ್ನೆರಡು ವರ್ಷಕ್ಕೊಮ್ಮೆ ನಾಸಿಕದ ಕುಂಭಮೇಳದ ನಂತರ ತ್ರ್ಯಂಬಕೇಶ್ವರದಿಂದ ಕಾಲ್ನಡಿಗೆಯಲ್ಲಿ ಹೊರಟ ನಾಥಯೋಗಿಗಳು ಕದ್ರಿಗೆ ಬಂದು ಮಠಕ್ಕೆ ಹೊಸ ಅರಸನನ್ನು ಪಟ್ಟಕ್ಕೆ ಕೂರಿಸುತ್ತಾರೆ. ಬೌದ್ಧ, ನಾಥ, ಶೈವ ಎಂಬ ಮೂರು ಪದರಗಳು ಒಂದೇ ಗುಡ್ಡದಲ್ಲಿ ಸಿಗುವ ಜಾಗ ನಮ್ಮ ನಾಡಿನಲ್ಲಿ ಹೆಚ್ಚಿಲ್ಲ.

ಹೀಗಿರುವಾಗ ಭಕ್ತರಲ್ಲದ ಪ್ರವಾಸಿಗೂ, ಭಕ್ತರಾಗಿಯೂ ಕುತೂಹಲವುಳ್ಳವರಿಗೂ ಇದನ್ನು ನಾಲ್ಕು ಸಾಲಿನಲ್ಲಿ ತಿಳಿಸುವ ಬಗೆ ಬೇಕು. ನಮ್ಮ ಮುಂದೆ ಸಾಲಿನಲ್ಲಿದ್ದ ಕುಟುಂಬವೊಂದು ಆ ಮೂರ್ತಿಗೆ ಕೈಮುಗಿದು, ಅದು ಯಾವ ದೇವರೆಂದು ತಮ್ಮತಮ್ಮಲ್ಲೇ ಕೇಳಿಕೊಂಡು, 'ಬ್ರಹ್ಮ ಇರಬೇಕು' ಎಂದು ತೀರ್ಮಾನಿಸಿ ಮುಂದೆ ನಡೆಯಿತು. ಮೂರು ಮುಖ ಕಂಡವರಿಗೆ ಹಾಗೆನ್ನಿಸಿದ್ದರಲ್ಲಿ ತಪ್ಪೇನಿದೆ!

ಸಂತ ಅಲೋಶಿಯಸ್ ಕಾಲೇಜಿನ ಪ್ರಾರ್ಥನಾಲಯದ ಬಗ್ಗೆ ಬಹಳ ಜನ ಬರೆದಿದ್ದಾರೆ. ಆದರೂ ಎರಡು ಮಾತು. ಇಟಲಿಯ ಬೆರ್ಗಾಮೊ ಸೀಮೆಯಿಂದ ಬಂದ ಅಂತೋನಿಯೊ ಮೊಸ್ಕೇನಿ ಎಂಬ ಜೆಸ್ವಿತ್ ಸೋದರ 1899ರಿಂದ 1901ರವರೆಗೆ ಗೋಡೆಗಳನ್ನೂ ಚಾವಣಿಯನ್ನೂ ಚಿತ್ರಗಳಿಂದ ತುಂಬಿದನು. ಕೆಲವನ್ನು ಹಸಿ ಗಾರೆಯ ಮೇಲೆ, ಕೆಲವನ್ನು ಕ್ಯಾನ್‌ವಾಸಿನ ಮೇಲೆ ತೈಲವರ್ಣದಲ್ಲಿ ಬರೆದಿದ್ದಾನೆ. ಹಸಿ ಗಾರೆಯ ಕೆಲಸವೆಂದರೆ ಗಾರೆ ಒಣಗುವುದರೊಳಗೆ ಆ ದಿನದ ಪಾಲು ಮುಗಿಯಬೇಕು, ತಪ್ಪಿದರೆ ಕೆತ್ತಿ ತೆಗೆದು ಮತ್ತೆ ಹಚ್ಚಬೇಕು. ನಮ್ಮಂತಹ ಒಣ ಊರಿನಲ್ಲಿ ಅದು ಒಂದು ಬಗೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬಟ್ಟೆಯೇ ಒಣಗದ ಮಂಗಳೂರಿನಲ್ಲಿ ಅದು ಇನ್ನೊಂದು ಬಗೆ. ಕಂಬದ ಕೆತ್ತನೆ ಎಂದು ನಾವು ಕೈ ಚಾಚಿದ ಕಡೆಯೆಲ್ಲ ಸಪಾಟು ಗೋಡೆಯೇ ಇತ್ತು. ನೆರಳು ಬೆಳಕಿನ ಬಣ್ಣದಾಟವಷ್ಟೇ. ಮೊಮ್ಮಗಳು ಮೂರು ಸಲ ಮೋಸ ಹೋದಳು, ನಮ್ಮ ಯಜಮಾನರು ನಾಲ್ಕು ಸಲ. ಇಷ್ಟು ಬರೆದ ಆ ಕಲಾವಿದ 1905ರಲ್ಲಿ ಕೊಚ್ಚಿಯಲ್ಲಿ ತೀರಿಕೊಂಡನು. ಅಲ್ಲಿ ನಮಗೆ ಸಿಕ್ಕ ವಿವರಣೆ ಅಚ್ಚುಕಟ್ಟಾಗಿತ್ತು, ಮನಸ್ಸಿಟ್ಟು ಮಾಡಿದರೆ ಹೀಗೆ ಮಾಡಬಹುದೆಂಬುದಕ್ಕೆ ಅದೇ ಸಾಕ್ಷಿ.

ನನ್ನನ್ನು ಹೆಚ್ಚು ಯೋಚನೆಗೆ ಹಚ್ಚಿದ್ದು ಬೋಳೂರಿನ ಸುಲ್ತಾನ್ ಬತ್ತೇರಿ. ಇದನ್ನು ಕೋಟೆ ಎಂದು ನಿರೀಕ್ಷಿಸಿ ಹೋದವರು ನಿರಾಶರಾಗುತ್ತಾರೆ, ಏಕೆಂದರೆ ಇದು ಗುರುಪುರ ನದಿಯ ಮೂಲಕ ಯುದ್ಧನೌಕೆಗಳು ಒಳನುಗ್ಗದಂತೆ ಕಾಯಲು ಟಿಪ್ಪು ಸುಲ್ತಾನ್ 1784ರಲ್ಲಿ ಕಟ್ಟಿಸಿದ ಕಾವಲು ಬುರುಜು. ಮೆಟ್ಟಿಲೇರಿ ಫಿರಂಗಿಗೆಂದು ಬಿಟ್ಟ ಕಿಂಡಿಯಲ್ಲಿ ಇಣುಕಿದರೆ ನದಿಯ ತಿರುವು ಪೂರ್ತಿ ಕಾಣುತ್ತದೆ, ಬುರುಜನ್ನು ಅಲ್ಲಿಯೇ ಏಕೆ ಕಟ್ಟಿದರೆಂದು ಮಗುವಿಗೂ ತಿಳಿಯುತ್ತದೆ. ಮೊಮ್ಮಗಳು ಕೇಳಿದ ಪ್ರಶ್ನೆ ಮಾತ್ರ ಬೇರೆ: "ಅಜ್ಜಿ, 1784 ಅಂತ ನಿನ್ನೆನೂ ಎಲ್ಲೋ ಕೇಳಿದ್ವಲ್ಲ?"

ಹೌದು, ಕೇಳಿದ್ದೆವು. ಆ ವರ್ಷದ ಜನವರಿಯಲ್ಲಿ, ತಿಂಗಳುಗಟ್ಟಲೆ ನಡೆದ ಮುತ್ತಿಗೆಯ ಬಳಿಕ ಮಂಗಳೂರು ಕೋಟೆಯಲ್ಲಿದ್ದ ಇಂಗ್ಲಿಷರ ಪಡೆ ಹಸಿವಿನಿಂದ ಕಂಗೆಟ್ಟು ಟಿಪ್ಪುವಿಗೆ ಶರಣಾಯಿತು. ಫೆಬ್ರುವರಿಯಲ್ಲಿ ಕೆನರಾದ ಕ್ರೈಸ್ತರನ್ನು ಸೆರೆಹಿಡಿದು ಶ್ರೀರಂಗಪಟ್ಟಣಕ್ಕೆ ನಡೆಸಿಕೊಂಡು ಹೋಗಲಾಯಿತು. 1680ರಷ್ಟು ಹಿಂದಿನ ಮಿಲಾಗ್ರಿಸ್ ಚರ್ಚು ನೆಲಸಮವಾಯಿತು. ಮಾರ್ಚ್ 11ರಂದು ಇದೇ ಊರಿನಲ್ಲಿ ಟಿಪ್ಪು ಮತ್ತು ಈಸ್ಟ್ ಇಂಡಿಯಾ ಕಂಪೆನಿಯ ನಡುವೆ ಮಂಗಳೂರು ಒಪ್ಪಂದಕ್ಕೆ ಸಹಿ ಬಿದ್ದು ಎರಡನೆಯ ಮೈಸೂರು ಯುದ್ಧ ಮುಗಿಯಿತು. ಬಂದರಿನ ಝೀನತ್ ಬಕ್ಷ್ ಮಸೀದಿಯ ಜೀರ್ಣೋದ್ಧಾರಕ್ಕೂ ಅದೇ ವರ್ಷದ, ಅದೇ ಅರಸನ ಹೆಸರು ಹೇಳುತ್ತಾರೆ. ಒಂದು ವರ್ಷ, ಒಂದು ಊರು, ನಾಲ್ಕೈದು ಮೈಲಿಯ ಅಂತರದಲ್ಲಿ ಇಷ್ಟು ಗುರುತುಗಳು! ಆದರೆ ಒಬ್ಬರು ಹೇಳುವಾಗ ಬುರುಜಿನ ಕಥೆಯಷ್ಟೇ ಬರುತ್ತದೆ, ಇನ್ನೊಬ್ಬರು ಹೇಳುವಾಗ ಸೆರೆಯ ಕಥೆಯಷ್ಟೇ ಬರುತ್ತದೆ. ಎರಡನ್ನೂ ಒಂದೇ ಉಸಿರಿನಲ್ಲಿ ಹೇಳುವ ಧೈರ್ಯ ನಮ್ಮ ಪ್ರವಾಸಿ ಸಾಹಿತ್ಯಕ್ಕೆ ಇನ್ನೂ ಬಂದಂತಿಲ್ಲ. ಹೊಗಳುವುದಕ್ಕೂ ಬೈಯುವುದಕ್ಕೂ ಇಳಿಯದೆ ಆ ವರ್ಷ ಏನೇನು ನಡೆಯಿತೆಂದು ತಿಂಗಳವಾರು ಫಲಕದಲ್ಲಿ ಬರೆದು ನಿಲ್ಲಿಸಿದರೆ ಓದುವವರು ತಮಗೆ ತೋಚಿದ್ದನ್ನು ತಾವೇ ಯೋಚಿಸಿಕೊಳ್ಳುತ್ತಾರೆ.

ಫಲಕಗಳ ವಿಷಯ ಬಂದಾಗ ಒಂದು ಕಹಿ ಅನುಭವವನ್ನೂ ಹೇಳಬೇಕು. ಸ್ಥಳದ ಹೆಸರು ಬೇಡ. ನಾವು ನೋಡಿದ ಒಂದು ಸ್ಮಾರಕದ ಬಳಿ ಇದ್ದ ಫಲಕದಲ್ಲಿ ಇಸವಿಯ ಎರಡು ಅಂಕೆಗಳು ಅಳಿಸಿಹೋಗಿದ್ದವು. ಉಳಿದ ಬರಹ ಇಂಗ್ಲಿಷಿನಲ್ಲಿತ್ತು. ಅದರ ಕೆಳಗೆ ಕನ್ನಡದಲ್ಲಿ ಸ್ಪಷ್ಟವಾಗಿ ಓದಲು ಬರುತ್ತಿದ್ದ ವಾಕ್ಯ ಒಂದೇ: 'ಇಲ್ಲಿ ಕಸ ಹಾಕಬಾರದು'. ಇನ್ನೊಂದು ಕಡೆ, ಮಧ್ಯಾಹ್ನದವರೆಗೆ ತೆರೆದಿರುತ್ತದೆಂದು ನಂಬಿ ಹೋದ ಕಟ್ಟಡಕ್ಕೆ ಬೀಗ ಹಾಕಿತ್ತು, ಎಂದು ತೆರೆಯುವರೆಂದು ಹೇಳುವವರು ಯಾರೂ ಇರಲಿಲ್ಲ. ಮೊಮ್ಮಗಳಂತಹ ಕನ್ನಡ ಶಾಲೆಯ ಮಕ್ಕಳು ಈ ಊರಿಗೆ ಪ್ರತಿವರ್ಷ ಶೈಕ್ಷಣಿಕ ಪ್ರವಾಸಕ್ಕೆ ಬಸ್ಸುಗಟ್ಟಲೆ ಬರುತ್ತಾರೆ. ಅವರು ಅಲ್ಲಿ ಏನನ್ನು ಓದಿಕೊಂಡು ಹೋಗಬೇಕು?

ಮೂರನೆಯ ದಿನ ಬೆಳಿಗ್ಗೆ ಬಂದರು ಪ್ರದೇಶದಲ್ಲಿ ನಡೆದೆವು. ನೋಡುವುದಕ್ಕೆಂದು ಶೃಂಗರಿಸಿಟ್ಟ ಜಾಗವಲ್ಲ ಅದು. ಲಾರಿಗಳು, ಒಣಮೀನಿನ ವಾಸನೆ, ಮೆಣಸಿನಕಾಯಿ ಮೂಟೆಗಳು, ಧಕ್ಕೆಯಲ್ಲಿ ಬೆಳಗಿನ ಮೀನಿನ ಹರಾಜಿನ ಕೂಗು. ತುಳು, ಕೊಂಕಣಿ, ಬ್ಯಾರಿ, ಮಲಯಾಳಂ ಎಲ್ಲ ಒಟ್ಟಿಗೆ ಕಿವಿಗೆ ಬೀಳುತ್ತಿದ್ದವು. ನಮ್ಮೊಂದಿಗೆ ಮಾತಾಡಲು ತಿರುಗಿದವರು ಮಾತ್ರ ಥಟ್ಟನೆ ಪುಸ್ತಕದಂತಹ ಶುದ್ಧ ಕನ್ನಡಕ್ಕೆ ಬರುತ್ತಿದ್ದರು, ನಮ್ಮ ಧಾರವಾಡದ 'ಹೋಗೂಣ್ರಿ, ಬರೂಣ್ರಿ'ಗಳನ್ನು ಕೇಳಿ ನಕ್ಕರು. ಈ ಬೆರಕೆ ನಿನ್ನೆ ಮೊನ್ನೆಯದಲ್ಲ. ಹನ್ನೆರಡನೆಯ ಶತಮಾನದಲ್ಲಿ, ಅಂದರೆ ಕಲ್ಯಾಣದಲ್ಲಿ ಬಸವಣ್ಣನವರಿದ್ದ ಕಾಲದ ಆಸುಪಾಸಿನಲ್ಲಿ, ಇಂದಿನ ಟ್ಯುನೀಶಿಯಾದ ಮಹ್ದಿಯಾ ಪಟ್ಟಣದ ಅಬ್ರಹಾಂ ಬೆನ್ ಯಿಜು ಎಂಬ ಯೆಹೂದಿ ವರ್ತಕ ಈ ಊರಿನಲ್ಲಿ ಹದಿನೈದು ವರ್ಷಕ್ಕೂ ಹೆಚ್ಚು ಕಾಲ ನೆಲೆಸಿದ್ದ. ಕಂಚಿನ ಪಾತ್ರೆಗಳ ಕಾರ್ಖಾನೆ ನಡೆಸಿದ, ಆಶು ಎಂಬ ಇಲ್ಲಿಯ ಹೆಣ್ಣನ್ನು ಮದುವೆಯಾದ, ಬೊಮ್ಮ ಎಂಬ ಆಳನ್ನು ವ್ಯಾಪಾರಕ್ಕಾಗಿ ಏಡನ್ನಿಗೆ ಕಳುಹಿಸುತ್ತಿದ್ದ. ಏಡನ್ನಿನ ಗೆಳೆಯರು ಅವನಿಗೆ ಸಕ್ಕರೆ, ಒಣದ್ರಾಕ್ಷಿ, ಕಾಗದ ಕಳುಹಿಸುತ್ತಿದ್ದರು. ಇಲ್ಲಿಂದ ಅಡಿಕೆ, ಮೆಣಸು, ಕಬ್ಬಿಣ ಹೋಗುತ್ತಿದ್ದವು. ಇದೆಲ್ಲ ತಿಳಿದದ್ದು ಕೈರೋ ನಗರದ ಹಳೆಯ ಯೆಹೂದಿ ಪ್ರಾರ್ಥನಾಮಂದಿರದ ಗೂಡಿನಲ್ಲಿ ಉಳಿದ ಕಾಗದಪತ್ರಗಳಿಂದ. ನಮ್ಮ ಊರಿನವನೇ ಎನಿಸುವ ಬೊಮ್ಮನ ಹೆಸರು ಕೈರೋದ ಕಾಗದದಲ್ಲಿ ಸಿಗುತ್ತದೆ. ಮಂಗಳೂರಿನ ಬಂದರಿನಲ್ಲಿ ಅವನ ಹೆಸರನ್ನು ಬಲ್ಲವರು ನಮಗೆ ಸಿಗಲಿಲ್ಲ.

1342ರ ಹೊತ್ತಿಗೆ ಬಂದ ಇಬ್ನ್ ಬತೂತ ಇದನ್ನು ಮಂಜರೂರ್ ಎಂದು ಕರೆದು, ಪರ್ಷಿಯಾ ಮತ್ತು ಯೆಮನ್ನಿನ ವರ್ತಕರು ಮೆಣಸಿಗಾಗಿ ಇಲ್ಲಿ ಇಳಿಯುವುದನ್ನು ಬರೆದ. 1623ರಲ್ಲಿ ಇಟಲಿಯ ಪಿಯೆತ್ರೊ ದೆಲ್ಲಾ ವಾಲೆ ಉಳ್ಳಾಲದ ರಾಣಿಯನ್ನು ಭೇಟಿಯಾದದ್ದು ಅರಮನೆಯಲ್ಲಲ್ಲ, ರಸ್ತೆಯಲ್ಲಿ. ಹೊಲಗಳಿಗೆ ನೀರು ಹಾಯಿಸಲು ತೋಡಿಸುತ್ತಿದ್ದ ಕಾಲುವೆಯನ್ನು ನೋಡಲು ಆಕೆ ಸಾದಾ ಉಡುಗೆಯಲ್ಲಿ ಬರಿಗಾಲಿನಲ್ಲಿ ನಡೆದುಬರುತ್ತಿದ್ದಳಂತೆ. ಪೋರ್ಚುಗೀಸರನ್ನು ಎದುರಿಸಿದ ಉಳ್ಳಾಲದ ರಾಣಿಯರ ಪ್ರತಿಮೆಗಳಲ್ಲಿ ಕೈಯಲ್ಲಿ ಖಡ್ಗವಿರುತ್ತದೆ, ಇರಲಿ. ಕಾಲುವೆಯ ಬದಿಯಲ್ಲಿ ನಿಂತ ರಾಣಿಯ ಪ್ರತಿಮೆಯೊಂದನ್ನು ಯಾರಾದರೂ ಮಾಡಿಸಿದರೆ ನಾನು ಅದನ್ನು ನೋಡಲೆಂದೇ ಮತ್ತೊಮ್ಮೆ ಬರುತ್ತೇನೆ.

ನಾವು ನೋಡಿದ ಉಳಿದವುಗಳನ್ನು ಹೆಸರಿಸಿ ಬಿಡುತ್ತೇನೆ: 1912ರಲ್ಲಿ ನಾರಾಯಣ ಗುರುಗಳು ಪ್ರತಿಷ್ಠಾಪಿಸಿದ ಕುದ್ರೋಳಿ ಗೋಕರ್ಣನಾಥೇಶ್ವರ ಕ್ಷೇತ್ರ, ಬಿಜೈಯಲ್ಲಿ ಹಡಗಿನಾಕಾರದ ಕಟ್ಟಡದಲ್ಲಿರುವ ಶ್ರೀಮಂತಿಬಾಯಿ ಸ್ಮಾರಕ ಸಂಗ್ರಹಾಲಯ, ಮಂಗಳಾದೇವಿ ದೇವಸ್ಥಾನ, 1837ರ ಏಪ್ರಿಲ್‌ನಲ್ಲಿ ಸುಳ್ಯದ ಕಡೆಯಿಂದ ಬಂದ ಬಂಡಾಯದ ರೈತರು ಕಂಪೆನಿಯ ಬಾವುಟ ಇಳಿಸಿದ ನೆನಪಿನ ಬಾವುಟಗುಡ್ಡೆ. ಕೊನೆಯದರ ಬಗ್ಗೆ ಹೆಚ್ಚು ಬರೆಯುವ ಆಸೆಯಿತ್ತು. ಆದರೆ ಅದೇ ಒಂದು ಪತ್ರವಾದೀತು. ಕಡಲತೀರಕ್ಕೂ ಹೋದೆವು, ಬತ್ತೇರಿಯ ಬುಡದಿಂದ ದೋಣಿಯಲ್ಲಿ ತಣ್ಣೀರುಬಾವಿಗೆ. ಸಂಜೆ ಸುಂದರವಾಗಿತ್ತು. ಗೋಳಿಬಜೆಯೂ ಚೆನ್ನಾಗಿತ್ತು.

ನನ್ನ ಬೇಡಿಕೆ ದೊಡ್ಡದೇನಲ್ಲ, ಕೋಟಿಗಟ್ಟಲೆ ಹಣ ಬೇಡುವಂಥದ್ದೂ ಅಲ್ಲ. ಹಳೆ ಬಂದರಿನಿಂದ ಹೊರಟು ರಥಬೀದಿ, ಹಂಪನಕಟ್ಟೆ, ಬಾವುಟಗುಡ್ಡೆ, ಬಲ್ಮಠದ ಮೂಲಕ ಕದ್ರಿಯವರೆಗೆ ಒಂದು ಬೆಳಗಿನಲ್ಲಿ ನಡೆದು ಮುಗಿಸಬಹುದಾದ ದಾರಿಯಿದೆ. ಆ ದಾರಿಯಲ್ಲಿ ಹತ್ತು ಹನ್ನೆರಡು ಕಡೆ, ಮಳೆಗೆ ಅಳಿಸದ ಫಲಕಗಳಲ್ಲಿ ಮೊದಲು ಕನ್ನಡದಲ್ಲಿ, ಜೊತೆಗೆ ತುಳುವಿನಲ್ಲಿ, ಬಳಿಕ ಬೇಕಿದ್ದ ಭಾಷೆಗಳಲ್ಲಿ ಆ ಜಾಗದ ಮಾತನ್ನು ಬರೆಯಬೇಕು. ಶಾಸನದಿಂದ ತಿಳಿದದ್ದನ್ನು ಶಾಸನವೆಂದೂ ಐತಿಹ್ಯವನ್ನು ಐತಿಹ್ಯವೆಂದೂ ಹೇಳಬೇಕು. ಮಂಗಳಾದೇವಿಯ ಹೆಸರಿನಿಂದ ಊರಿಗೆ ಹೆಸರು ಬಂದ ಕಥೆಯನ್ನಾಗಲಿ, ಬಂದರಿನ ಮಸೀದಿಯ ಮೂಲವನ್ನು ಏಳನೆಯ ಶತಮಾನಕ್ಕೆ ಒಯ್ಯುವ ಕಥೆಯನ್ನಾಗಲಿ ಐತಿಹ್ಯವೆಂದು ಬರೆದರೆ ಅದರ ಘನತೆ ಕುಂದುವುದಿಲ್ಲ. ಬರೆಯುವ ಕೆಲಸವನ್ನು ಗುತ್ತಿಗೆದಾರರಿಗೆ ಬಿಡದೆ ಊರಿನ ಇತಿಹಾಸ ಬಲ್ಲವರಿಗೆ, ಕನ್ನಡ ಬಲ್ಲವರಿಗೆ ಒಪ್ಪಿಸಬೇಕು. ತರಕಾರಿ ಚೀಲ ಕೆಳಗಿಟ್ಟು ನಮಗೆ ಪಾಠ ಹೇಳಿದ ಆ ಹಿರಿಯರಂಥವರು ಆ ಊರಿನಲ್ಲಿ ಬೇಕಾದಷ್ಟು ಜನ ಇದ್ದಾರು.

ತಮ್ಮಲ್ಲಿಯೂ ಒಂದು ವಿನಂತಿಯಿದೆ. ಬರುವ ಜುಲೈ 1ರ ಸಂಚಿಕೆಯಲ್ಲಿ 'ಮಂಗಳೂರ ಸಮಾಚಾರ'ದ ಮೊದಲ ಪುಟವನ್ನು, ಮೂಲೆಯಲ್ಲಿ ಅಂಚೆಚೀಟಿಯ ಗಾತ್ರದಲ್ಲಲ್ಲದೆ, ಅಕ್ಷರಗಳನ್ನು ಕೂಡಿಸಿ ಓದಲು ಬರುವಷ್ಟು ದೊಡ್ಡದಾಗಿ ಅಚ್ಚು ಹಾಕಬೇಕು. ಮೊಮ್ಮಗಳ ನೋಟ್‌ಬುಕ್ಕಿನ ಪುಟ ಇನ್ನೂ ಖಾಲಿಯಿದೆ, ಅಂಟು ತಂದಿಟ್ಟುಕೊಂಡಿದ್ದಾಳೆ.

ಇತಿ ತಮ್ಮ ವಿಶ್ವಾಸಿ,
ನಿವೃತ್ತ ಕನ್ನಡ ಅಧ್ಯಾಪಕಿ
ಧಾರವಾಡ